ಮದ್ದೂರು ಸ್ಟೇಷನ್ ಹೋಟೆಲು: ನಿಮ್ಮ ಪ್ರಶ್ನೆ, ಹಳೇ ಸ್ಟೇಷನ್ ಮಾಸ್ಟರ್ ಉತ್ತರ

ಕಳೆದ ಸಂಚಿಕೆಯಲ್ಲಿ ಮೀಟರ್‌ಗೇಜ್ ಕಾಲದ ಮೈಸೂರು–ಬೆಂಗಳೂರು ರೈಲಿನ ಬಗ್ಗೆ ಬರೆಯುವಾಗ ‘ಮದ್ದೂರಿನ ವಿ.ಆರ್.ಆರ್.’ ಅಂತ ಒಂದೇ ಒಂದು ಮಾತು ಬರೆದಿದ್ದೆ. ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೇ. ಎಂಜಿನ್ ಬಗ್ಗೆ, ಸೇತುವೆ ಬಗ್ಗೆ ಎರಡು ಪುಟ ಬರೆದಿದ್ದೆ ಸ್ವಾಮಿ, ಅದನ್ನು ಯಾರೂ ಕೇಳಲಿಲ್ಲ. ಇರಲಿ. ಸಂಪಾದಕರು ಈ ಸಲದ ಪುಟವನ್ನು ಮದ್ದೂರಿಗೇ ಬಿಟ್ಟಿದ್ದಾರೆ.

ಪ್ರಶ್ನೆ: ಸ್ಟೇಷನ್ ಮಾಸ್ಟ್ರೇ, ವಿ.ಆರ್.ಆರ್. ಅಂದರೆ ಹೋಟೆಲೋ, ರೈಲ್ವೆ ಆಫೀಸೋ? ಮದ್ದೂರು ವಡೆ ಹುಟ್ಟಿದ್ದು ಅಲ್ಲೇ ಅಂತ ನಮ್ಮ ಮನೆಯವರು ವಾದ ಮಾಡುತ್ತಾರೆ. ಯಾರು ಶುರು ಮಾಡಿದ್ದು, ಯಾವಾಗ?
– ಒಬ್ಬ ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ಹೋಟೆಲೇ ಕಣಮ್ಮ. ನಿಮ್ಮ ಮನೆಯವರು ಹೇಳಿದ್ದು ಸರಿ. ಪೂರ್ತಿ ಹೆಸರು ವೆಜಿಟೇರಿಯನ್ ರಿಫ್ರೆಶ್‌ಮೆಂಟ್ ರೂಮ್. ರೈಲ್ವೆಯವರು ಸ್ಟೇಷನ್ನಿನಲ್ಲಿ ಜಾಗ ಕೊಡುತ್ತಾರೆ, ಹೊರಗಿನವರು ಅನುಮತಿ ಪಡೆದು ಒಲೆ ಹಚ್ಚುತ್ತಾರೆ. ದೊಡ್ಡ ಸ್ಟೇಷನ್ನುಗಳಲ್ಲಿ ಸಸ್ಯಾಹಾರಕ್ಕೆ ಒಂದು, ಮಾಂಸಾಹಾರಕ್ಕೆ ಒಂದು ಕೋಣೆ ಇರುತ್ತಿದ್ದವು. ಬೋರ್ಡಿನ ಮೇಲೆ ಅಷ್ಟುದ್ದ ಬರೆದಿದ್ದರೂ ಜನರ ಬಾಯಲ್ಲಿ ಅದು ‘ಸ್ಟೇಷನ್ ಹೋಟ್ಲು’.

ಮದ್ದೂರಿನಲ್ಲಿ ಇದನ್ನು 1917ರಲ್ಲಿ ಶುರು ಮಾಡಿದವರು ರಾಮಚಂದ್ರ ಬುಧ್ಯ. ಕರಾವಳಿ ಕಡೆಯವರು. ಇಡ್ಲಿ, ಪಕೋಡ ಮಾಡಿ ರೈಲಿನ ಪ್ರಯಾಣಿಕರಿಗೆ ಮಾರುತ್ತಿದ್ದರು. ಆ ಪಕೋಡದ ಹಿಟ್ಟೇ ಮುಂದೆ ಚಪ್ಪಟೆಯಾಗಿ ವಡೆ ಆಯಿತು. ಆ ಕಥೆ ಮುಂದಿನ ಪ್ರಶ್ನೆಯಲ್ಲಿದೆ.

1917 ಅಂದರೆ ಎಂಥ ಕಾಲ ಅಂತ ಒಂದು ಸಲ ನೆನೆಸಿಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರು. ಕನ್ನಂಬಾಡಿ ಕಟ್ಟೆ ಇನ್ನೂ ಕಟ್ಟುತ್ತಿದ್ದರು. ನಾಲೆ ನೀರು ಬಂದಿಲ್ಲ, ಅಂದಮೇಲೆ ಈಗಿನ ಕಬ್ಬಿನ ಗದ್ದೆಯೂ ಇಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ. ಮಂಡ್ಯ ಜಿಲ್ಲೆಯೇ ಆಗ ಇರಲಿಲ್ಲ, ಅದು ಆಗಿದ್ದು 1939ರಲ್ಲಿ. ಮದ್ದೂರು ಆಗ ಮೈಸೂರು ಜಿಲ್ಲೆಯ ಒಂದು ಸಣ್ಣ ಊರು, ಸುತ್ತ ರಾಗಿ ಹೊಲ, ಪಕ್ಕದಲ್ಲಿ ಶಿಂಷಾ ಹೊಳೆ. ಇವತ್ತು ಯಾರಾದರೂ ‘ಮಂಡ್ಯ ಜಿಲ್ಲೆಯ ಮದ್ದೂರು ವಡೆ’ ಅಂದರೆ ನನಗೆ ಒಳಗೊಳಗೇ ನಗು. ವಡೆ ಜಿಲ್ಲೆಗಿಂತ ಹಳೆಯದು!

ರೈಲು ಕೂಡ ಆಗ ಮಹಾರಾಜರ ಸರ್ಕಾರದ ಸ್ವತ್ತಾಗಿದ್ದರೂ ಓಡಿಸುತ್ತಿದ್ದದ್ದು ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿ. ಮೈಸೂರು ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡದ್ದು 1919ರಲ್ಲಿ.

ಬುಧ್ಯರು 1948ರಲ್ಲಿ ಕೆಲಸ ಬಿಟ್ಟು ವಿಶ್ರಾಂತಿ ಪಡೆದರು. ಹೋಟೆಲು ಹೆಬ್ಬಾರ್ ಕುಟುಂಬದವರ ಕೈಗೆ ಹೋಯಿತು. ಒಲೆ ಮಾತ್ರ ಅದೇ ಪ್ಲಾಟ್‌ಫಾರ್ಮಿನಲ್ಲೇ ಇತ್ತು.

ಪ್ರಶ್ನೆ: ಒಂದು ದಿನ ರೈಲು ಬೇಗ ಬಂದುಬಿಟ್ಟಿತು, ಪಕೋಡ ಮಾಡಲು ಹೊತ್ತಿರಲಿಲ್ಲ, ಹಿಟ್ಟನ್ನು ಹಾಗೇ ತಟ್ಟಿ ಎಣ್ಣೆಗೆ ಹಾಕಿದರು, ಅದೇ ಮದ್ದೂರು ವಡೆ ಆಯಿತು ಅನ್ನುತ್ತಾರೆ. ರೈಲ್ವೆಯಲ್ಲಿ ಇದ್ದವರು ನೀವು. ಈ ಕಥೆ ನಂಬಬಹುದೇ?
– ಕಾಲೇಜು ವಿದ್ಯಾರ್ಥಿ, ಭಾರತೀನಗರ (ಕೆ.ಎಂ. ದೊಡ್ಡಿ)

ಉತ್ತರ: ಹೋಟೆಲಿನವರೇ ಹೇಳಿಕೊಂಡು ಬಂದ ಕಥೆ ಇದು ಮಗಾ. ಅವರ ಮನೆಯ ಕಥೆಯನ್ನು ಸುಳ್ಳು ಅನ್ನಲು ನಾನು ಯಾರು? ಆದರೆ ‘ರೈಲು ಬೇಗ ಬಂತು’ ಅನ್ನುವ ಮಾತು ಕೇಳಿದಾಗೆಲ್ಲ ನನ್ನೊಳಗಿನ ಸ್ಟೇಷನ್ ಮಾಸ್ಟರ್ ಎದ್ದು ಕೂರುತ್ತಾನೆ.

ಯಾಕೆ ಹೇಳುತ್ತೇನೆ ಕೇಳು. ಪ್ಯಾಸೆಂಜರ್ ರೈಲು ವೇಳೆಗೆ ಮುಂಚೆ ಬರಬಹುದು, ವೇಳೆಗೆ ಮುಂಚೆ ಹೊರಡುವಂತಿಲ್ಲ. ಟೈಮ್‌ಟೇಬಲ್ಲಿನಲ್ಲಿ ಹಾಕಿದ ಹೊತ್ತಿಗೇ ಹೊರಡಬೇಕು, ಇಲ್ಲದಿದ್ದರೆ ಪ್ರಯಾಣಿಕರು ಹಿಂದೆ ಉಳಿಯುತ್ತಾರೆ. ಹಾಗಾದರೆ ಬೇಗ ಬಂದ ರೈಲು ಜಾಸ್ತಿ ಹೊತ್ತು ನಿಲ್ಲಬೇಕು, ಅಲ್ವಾ? ಹೋಟೆಲಿನವರಿಗೆ ಹೊತ್ತು ಕಮ್ಮಿ ಆಗುವುದಕ್ಕಿಂತ ಜಾಸ್ತಿಯೇ ಆಗಬೇಕು.

ನನ್ನ ಲೆಕ್ಕದಲ್ಲಿ ಆಗಿರಬಹುದಾದದ್ದು ಬೇರೆ. ಆಗೆಲ್ಲ ರೈಲು ತಡವಾಗಿ ಬರುವುದೇ ವಾಡಿಕೆ. ಅಡುಗೆಯವರು ಆ ತಡವನ್ನೇ ನಂಬಿ ಕೂತಿರುತ್ತಾರೆ. ಒಂದು ದಿನ ರೈಲು ಸರಿಯಾದ ಹೊತ್ತಿಗೆ ಬಂದುಬಿಟ್ಟರೆ ಅದೇ ‘ಬೇಗ’. ನಮ್ಮ ರೈಲ್ವೆಯಲ್ಲಿ ಇದು ಇವತ್ತಿಗೂ ನಡೆಯುವ ಮಾತು. ವೇಳೆಗೆ ಬಂದ ರೈಲಿಗೆ ಜನ ‘ಏನ್ರೀ ಇವತ್ತು ಬೇಗ!’ ಅನ್ನುತ್ತಾರೆ.

ದಿನ ಯಾವುದಾದರೂ ಆಗಿರಲಿ, ಕಥೆಯ ಒಳಗಿನ ಅಡುಗೆಯ ಲೆಕ್ಕ ಮಾತ್ರ ಸರಿಯಾಗಿಯೇ ಇದೆ. ಪಕೋಡ ಉಂಡೆ ಉಂಡೆಯಾಗಿರುತ್ತದೆ. ಹೊರಗೆ ಕೆಂಪಗಾದರೂ ಒಳಗೆ ಹಸಿ ಉಳಿಯುತ್ತದೆ. ನಡುಭಾಗ ಬೇಯಬೇಕಾದರೆ ಉರಿ ಸಣ್ಣ ಮಾಡಿ ಕಾಯಬೇಕು. ಅದೇ ಹಿಟ್ಟನ್ನು ಅಂಗೈಯಲ್ಲಿ ತೆಳ್ಳಗೆ ತಟ್ಟಿದರೆ ಬಿಸಿ ಎರಡೂ ಕಡೆಯಿಂದ ಬೇಗ ನಡುವಿಗೆ ಮುಟ್ಟುತ್ತದೆ. ಬಾಣಲೆ ತುಂಬ ಒಂದೇ ಸಲ ಬಿಡಬಹುದು, ಒಂದೇ ಸಲ ತೆಗೆಯಬಹುದು. ಇನ್ನೊಂದು ವಿಷಯ. ಉದ್ದಿನ ವಡೆ, ಕಡಲೆಬೇಳೆ ವಡೆ ಆದರೆ ಬೇಳೆ ನೆನೆಸಬೇಕು, ರುಬ್ಬಬೇಕು. ಗಂಟೆಗಟ್ಟಲೆ ಮುಂಚೆ ಯೋಚನೆ ಮಾಡಿರಬೇಕು. ಮದ್ದೂರು ವಡೆಗೆ ಅದೇನೂ ಬೇಡ. ಅಕ್ಕಿ ಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ. ಗಂಟೆ ಹೊಡೆದ ಮೇಲೆ ಕಲಸಲು ಕೂತರೂ ಆಗುತ್ತದೆ.

ಗಂಟೆ ಅಂದೆನಲ್ಲ, ಅದೂ ಹೇಳಿಬಿಡುತ್ತೇನೆ. ನಮ್ಮದು ಆಗ ಒಂಟಿ ಹಳಿ. ಬೆಂಗಳೂರಿಂದ ಬರುವ ರೈಲು ಶೆಟ್ಟಿಹಳ್ಳಿ ಬಿಟ್ಟಿತು ಅಂತ ಅಲ್ಲಿಂದ ಮದ್ದೂರಿಗೆ ಸುದ್ದಿ ಬರುತ್ತದೆ. ಮೈಸೂರು ಕಡೆಯದಾದರೆ ಹನಕೆರೆಯಿಂದ. ಕೂಡಲೇ ಪೋರ್ಟರ್ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನೇತುಹಾಕಿದ ಹಳಿ ತುಂಡಿಗೆ ಬಾರಿಸುತ್ತಾನೆ. ಪ್ರಯಾಣಿಕರಿಗೆ ಅದು ಟಿಕೆಟ್ ತೆಗೆದುಕೊಳ್ಳಲು ಸೂಚನೆ. ಅಡುಗೆಯವರಿಗೆ ಎಣ್ಣೆ ಕಾಯಿಸಲು ಸೂಚನೆ. ಹನಕೆರೆಯಲ್ಲಿ ಡ್ಯೂಟಿ ಮಾಡುವಾಗ ನಾನು ಮದ್ದೂರಿಗೆ ರೈಲು ಬಿಟ್ಟ ಸುದ್ದಿ ಕೊಡುತ್ತಿದ್ದಾಗೆಲ್ಲ, ಅಲ್ಲಿ ಬಾಣಲೆಗೆ ಬೆಂಕಿ ಹಾಕಿಸಿದವನು ನಾನೇ ಅಂತ ಒಂದು ಜಂಬ ಇತ್ತು. ಅದಕ್ಕೆ ಪ್ರತಿಯಾಗಿ ವಡೆ ಬಂದದ್ದು ಉಂಟು. ಗೂಡ್ಸ್ ಗಾರ್ಡ್ ಕೈಲಿ ಪೇಪರ್ ಸುತ್ತಿ ಕಳಿಸುತ್ತಿದ್ದರು. ಹನಕೆರೆಗೆ ಬರುವ ಹೊತ್ತಿಗೆ ಆ ಪೇಪರಿನ ಅಕ್ಷರ ವಡೆಯ ಮೇಲೆ ಓದಬಹುದಿತ್ತು.

ಪ್ರಶ್ನೆ: ಚನ್ನಪಟ್ಟಣ ದೊಡ್ಡ ಊರು. ಮಂಡ್ಯ ಜಿಲ್ಲಾ ಕೇಂದ್ರ. ಶ್ರೀರಂಗಪಟ್ಟಣಕ್ಕೆ ಯಾತ್ರಿಕರು ಬರುತ್ತಾರೆ. ಅಲ್ಲೆಲ್ಲ ಬಿಟ್ಟು ಮದ್ದೂರಿನಂಥ ಚಿಕ್ಕ ಸ್ಟೇಷನ್ನಿನ ಹೋಟೆಲೇ ಯಾಕೆ ಹೆಸರಾಯಿತು?
– ನಿವೃತ್ತ ಬ್ಯಾಂಕ್ ನೌಕರರು, ಮಳವಳ್ಳಿ

ಉತ್ತರ: ಇಷ್ಟು ಒಳ್ಳೆಯ ಪ್ರಶ್ನೆ ಈ ಕಂತೆಯಲ್ಲಿ ಇನ್ನೊಂದಿಲ್ಲ ಸ್ವಾಮಿ. ಎಲ್ಲರೂ ವಡೆಯ ಕೈರುಚಿ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಆ ಹೋಟೆಲು ಬದುಕಿದ್ದು ನಿಂತ ರೈಲಿನ ಮೇಲೆ. ರೈಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರ ಮೇಲೆ.

ಈ ಹಳಿ ಹಾಕಿದ್ದು ಧಾತು–ಈಶ್ವರ ಸಂವತ್ಸರದ ಬರದ ಹಿಂದೆಯೇ. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಜನ ಹಸಿವಿನಿಂದ ಸತ್ತರು. ಹೊರಗಿನಿಂದ ಕಾಳು ತರಿಸಿದರೂ ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿ ಬಿಟ್ಟರೆ ಗತಿಯಿಲ್ಲ. ಬರದಲ್ಲಿ ಎತ್ತಿಗೂ ಮೇವಿಲ್ಲ. ಆ ಪಾಠ ಕಲಿತ ಮೇಲೆ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿ ಹಂತ ಹಂತವಾಗಿ ಬಂತು. 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಒಟ್ಟು ಸುಮಾರು 140 ಕಿಲೋಮೀಟರ್ ದಾರಿ. ಅದರಲ್ಲಿ ಮದ್ದೂರು ಬೆಂಗಳೂರಿಂದ ಅರ್ಧಕ್ಕಿಂತ ಸ್ವಲ್ಪ ಮುಂದೆ.

ಅರ್ಧ ದಾರಿ ಅಂದರೆ ಏನರ್ಥ? ಬೆಳಗ್ಗೆ ಬೆಂಗಳೂರಿನಲ್ಲಿ ಕಾಫಿ ಕುಡಿದು ಹತ್ತಿದವನಿಗೂ, ಮೈಸೂರಿನಲ್ಲಿ ಇಡ್ಲಿ ತಿಂದು ಹತ್ತಿದವನಿಗೂ ಮದ್ದೂರು ಬರುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಚನ್ನಪಟ್ಟಣದಲ್ಲಿ ಮೈಸೂರಿಗೆ ಹೋಗುವವನಿಗೆ ಇನ್ನೂ ಹಸಿವಾಗಿರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಅವನು ಗಂಟು ಕಟ್ಟಿಕೊಂಡು ಇಳಿಯಲು ನಿಂತಿರುತ್ತಾನೆ.

ಎರಡನೆಯದು, ಒಂಟಿ ಹಳಿ. ಎದುರಿನಿಂದ ಬರುವ ರೈಲು ಸ್ಟೇಷನ್ನಿನ ಒಳಗೆ ಬಂದು ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ನಿಲ್ಲುವ ತನಕ ಈ ಕಡೆಯ ರೈಲು ಅಲ್ಲಾಡುವಂತಿಲ್ಲ. ಡ್ರೈವರ್ ಕೈಗೆ ಟೋಕನ್ ಸಿಗಬೇಕು. ಬೆತ್ತದ ದೊಡ್ಡ ಬಳೆ, ಅದಕ್ಕೆ ಹೊಲಿದ ಚರ್ಮದ ಚೀಲ, ಚೀಲದೊಳಗೆ ಲೋಹದ ಗುಂಡು. ಅದು ಕೈಲಿಲ್ಲದೆ ಮುಂದಿನ ಸ್ಟೇಷನ್ನಿಗೆ ಹೋಗುವುದು ತಪ್ಪು. ಇದಕ್ಕೆ ನಾವು ಕ್ರಾಸಿಂಗ್ ಅನ್ನುತ್ತಿದ್ದೆವು. ಎರಡು ತುದಿಯಿಂದಲೂ ಹೊರಟ ರೈಲುಗಳು ಸಂಧಿಸುವುದು ನಡುವೆ ಎಲ್ಲೋ ತಾನೆ? ಕ್ರಾಸಿಂಗ್ ಬಿದ್ದ ದಿನ ಹೋಟೆಲಿನವರಿಗೆ ಎರಡು ರೈಲಿನ ಗಿರಾಕಿ.

ಮೂರನೆಯದು ಉಗಿ ಎಂಜಿನ್. ಅದಕ್ಕೆ ಕಲ್ಲಿದ್ದಲು ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ. ದಾರಿಯಲ್ಲಿ ನಿಂತು ನೀರು ಕುಡಿಯಲೇಬೇಕು. ಎಂಜಿನ್ ನೀರು ಕುಡಿಯುವಾಗ ಪ್ರಯಾಣಿಕರು ಇಳಿದು ಕೈಕಾಲು ಆಡಿಸುತ್ತಾರೆ, ಹುಡುಗರು ಓಡಾಡುತ್ತಾರೆ, ಕಾಫಿ ವಾಸನೆ ಬಂದರೆ ಕಾಲು ಆ ಕಡೆಗೇ ಹೋಗುತ್ತದೆ.

ಕೊನೆಯದು ನಿಮ್ಮ ಊರಿನ ಕಡೆಯ ಕಾರಣ. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ, ಕೊಳ್ಳೇಗಾಲಕ್ಕೂ ಇಲ್ಲ. ಆ ಸೀಮೆಯವರು ಮದ್ದೂರಿಗೆ ಬಂದೇ ರೈಲು ಹತ್ತುತ್ತಿದ್ದರು. ಗಗನಚುಕ್ಕಿ, ಭರಚುಕ್ಕಿ ನೋಡಲು ಹೊರಟ ದೊರೆಗಳೂ ಮದ್ದೂರಿನಲ್ಲೇ ಇಳಿದು ಗಾಡಿ ಹಿಡಿಯುತ್ತಿದ್ದರು. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗಲು ಶುರುವಾದ ಮೇಲೆ ಓಡಾಟ ಇನ್ನೂ ಜಾಸ್ತಿ. ಗಾಡಿ ಇಳಿದು ರೈಲಿಗೆ ಕಾಯುವ ಜನರಿಗೆ ಹೊತ್ತು ಬೇಕಾದಷ್ಟು ಇರುತ್ತದೆ. ಊರು ಚಿಕ್ಕದಾದರೇನು, ಪ್ಲಾಟ್‌ಫಾರ್ಮಿನಲ್ಲಿ ಜನ ಇರುತ್ತಿದ್ದರು.

ಪ್ರಶ್ನೆ: ಬುಧ್ಯರು ನಮ್ಮ ಕರಾವಳಿಯವರು ಎಂದು ಓದಿ ಖುಷಿಯಾಗಿತ್ತು. ಅಷ್ಟು ದೂರದಿಂದ ಘಟ್ಟ ಹತ್ತಿ ಬಂದು ಮೈಸೂರು ಸೀಮೆಯಲ್ಲಿ ಹೋಟೆಲು ಇಡುವ ಧೈರ್ಯ ಹೇಗೆ ಬಂತು? ಇಲ್ಲಿನವರು ಯಾಕೆ ಇಡಲಿಲ್ಲ?
– ಕುಂದಾಪುರ ಮೂಲದವರು, ಈಗ ಮಂಡ್ಯ ವಾಸಿ

ಉತ್ತರ: ಧೈರ್ಯಕ್ಕಿಂತ ಹಸಿವು ಜಾಸ್ತಿ ಇತ್ತು ಅನ್ನಬೇಕು. ಕರಾವಳಿಯಲ್ಲಿ ಗದ್ದೆ ಕಮ್ಮಿ, ಮನೆಯಲ್ಲಿ ಮಕ್ಕಳು ಜಾಸ್ತಿ, ಗೇಣಿ ಕೊಟ್ಟು ಉಳಿಯುವುದು ಅಷ್ಟಕ್ಕಷ್ಟೆ. ದೇವಸ್ಥಾನ, ಮಠದ ಅಡುಗೆ ಕೆಲಸದಲ್ಲಿ ನೂರಾರು ಜನಕ್ಕೆ ಬೇಯಿಸುವ ಅಭ್ಯಾಸ ಮಾತ್ರ ಚೆನ್ನಾಗಿತ್ತು. ಅದನ್ನೇ ಹಿಡಿದುಕೊಂಡು ಹೊರಟರು. ಆಗ ನಿಮ್ಮ ಊರು ಮದ್ರಾಸ್ ಸರ್ಕಾರದ್ದು, ಮದ್ದೂರು ಮಹಾರಾಜರದ್ದು. ಮಂಗಳೂರಿಗೆ ಮದ್ರಾಸ್ ಕಡೆಯಿಂದ ರೈಲು ಬಂದದ್ದು 1907ರಲ್ಲಿ, ಆದರೆ ಹಾಸನದಿಂದ ಮಂಗಳೂರಿಗೆ ಘಟ್ಟದ ಹಳಿ ಆದದ್ದು 1979ರಲ್ಲಿ! ಅಂದರೆ ಬುಧ್ಯರಂಥವರು ಘಟ್ಟ ದಾಟಿದ್ದು ಕಾಲುನಡಿಗೆ, ಗಾಡಿ ಹೀಗೆ. 1923ರಲ್ಲಿ ಕರಾವಳಿಯಲ್ಲಿ ದೊಡ್ಡ ನೆರೆ ಬಂತು. ಅದಾದ ಮೇಲೆ ಘಟ್ಟ ಹತ್ತಿದವರು ಇನ್ನೂ ಎಷ್ಟೋ ಜನ.

ಇಲ್ಲಿನವರು ಯಾಕೆ ಇಡಲಿಲ್ಲ ಅಂದರೆ, ಅನ್ನ ಮಾರುವುದು ಪಾಪ ಅನ್ನುವ ಭಾವನೆ ಗಟ್ಟಿಯಾಗಿತ್ತು. ದಾರಿಹೋಕರಿಗೆ ಛತ್ರ ಇತ್ತು, ಅರವಟ್ಟಿಗೆ ಇತ್ತು. ಬೆಂಗಳೂರಿನ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನೋಡಿದ್ದೀರಲ್ಲ. ಉಳ್ಳವರು ಕಟ್ಟಿಸಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ದುಡ್ಡು ಇಸಕೊಂಡು ಊಟ ಹಾಕುವವನನ್ನು ಊರು ಒಳ್ಳೆಯ ಕಣ್ಣಿನಿಂದ ನೋಡುತ್ತಿರಲಿಲ್ಲ. ಹೊರಗಿನಿಂದ ಬಂದವನಿಗೆ ಆ ಮುಜುಗರ ಇರುವುದಿಲ್ಲ. ನೋಡುವ ನೆಂಟರು ಇಲ್ಲಿಲ್ಲವಲ್ಲ.

ಪ್ರಶ್ನೆ: ಹಳೆಯ ಹೋಟೆಲುಗಳ ಬಗ್ಗೆ ಬರೆಯುವವರೆಲ್ಲ ತುಪ್ಪ, ಕಾಫಿ, ಸುವಾಸನೆ ಅಂತಾರೆ. ಎಲ್ಲ ಜಾತಿಯವರನ್ನೂ ಒಳಗೆ ಬಿಡುತ್ತಿದ್ದರಾ? ಅದನ್ನೂ ಹೇಳಿ.
– ಅಂಗನವಾಡಿ ಕಾರ್ಯಕರ್ತೆ, ಮದ್ದೂರು ತಾಲ್ಲೂಕು

ಉತ್ತರ: ಕೇಳಿದ್ದು ಒಳ್ಳೆಯದಾಯಿತು ತಾಯಿ. ಬಿಡುತ್ತಿರಲಿಲ್ಲ. ಒಂದು ಹೋಟೆಲಿನ ಮಾತಲ್ಲ ಇದು, ಆ ಕಾಲದ ಎಲ್ಲ ಕಡೆಯ ರೀತಿ. ಪೇಟೆಗಳಲ್ಲಿ ‘ಬ್ರಾಹ್ಮಣರ ಹೋಟೆಲು’, ‘ಬ್ರಾಹ್ಮಣರ ಕಾಫಿ ಕ್ಲಬ್’ ಅಂತಲೇ ಬೋರ್ಡು. ಒಳಗೆ ಬ್ರಾಹ್ಮಣರಿಗೆ ಬೇರೆ ಕೋಣೆ, ಮಿಕ್ಕವರಿಗೆ ಬೇರೆ. ದಲಿತರಿಗೆ ಒಳಗೇ ಜಾಗವಿಲ್ಲ, ಹೊರಗೆ ನಿಂತು ಕುಡಿಯಬೇಕು, ಎಷ್ಟೋ ಕಡೆ ಅದೂ ಇಲ್ಲ. ರೈಲ್ವೆ ಸ್ಟೇಷನ್ನುಗಳಲ್ಲಿ ಕುಡಿಯುವ ನೀರಿಗೂ ‘ಹಿಂದೂ ನೀರು’, ‘ಮುಸ್ಲಿಂ ನೀರು’ ಅಂತ ಬೇರೆ ಬೇರೆ ಕೊಡ. ನೀರು ಕೊಡುವವನೂ ಬೇರೆ.

ಈ ಸ್ಟೇಷನ್ ಹೋಟೆಲು ಶುರುವಾದ ಅದೇ 1917ರಲ್ಲಿ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು ಅಂತ ಕೇಳಿತು. ಮರುವರ್ಷ ಆ ಬೇಡಿಕೆಯನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ಬಂತು. ಊಟದ ಕೋಣೆಯ ಗೋಡೆ ಬೀಳಲು ಇನ್ನೂ ಬಹಳ ಕಾಲ ಹಿಡಿಯಿತು. ಹೋಟೆಲಿಗೆ ಜಾತಿ ನೋಡಿ ಬಿಡದಿರುವುದನ್ನು ಸಂವಿಧಾನದ 15ನೇ ವಿಧಿ ತಡೆಯಿತು, 1955ರ ಅಸ್ಪೃಶ್ಯತೆ ಕಾಯಿದೆ ಅದನ್ನು ಶಿಕ್ಷೆಯ ಅಪರಾಧ ಮಾಡಿತು.

ರೈಲು ಜಾತಿ ಅಳಿಸಿತು ಅಂತ ಕೆಲವರು ಭಾಷಣ ಮಾಡುತ್ತಾರೆ. ಅಷ್ಟು ಸುಲಭವಲ್ಲ ಅದು. ಆದರೆ ಕಿಟಕಿಯಿಂದ ಕೈ ಚಾಚಿ ಕಾಸು ಕೊಟ್ಟವನಿಗೆ ವಡೆ ಕೊಡುವ ಹುಡುಗ ‘ನೀವ್ಯಾರ ಪೈಕಿ’ ಅಂತ ಕೇಳಲು ಪುರಸೊತ್ತಿರಲಿಲ್ಲ. ಕೋಣೆಯ ಒಳಗಿನ ರೂಲು ಪ್ಲಾಟ್‌ಫಾರ್ಮಿನಲ್ಲಿ ಸಡಿಲವಾಗುತ್ತಿತ್ತು. ಅಷ್ಟು ಮಾತ್ರ ಹೇಳಬಲ್ಲೆ.

ಪ್ರಶ್ನೆ: ರೋಡಿನ ಮೇಲಿನ ಮದ್ದೂರು ಟಿಫಾನೀಸ್‌ಗೂ ಸ್ಟೇಷನ್ ಹೋಟೆಲಿಗೂ ಏನು ಸಂಬಂಧ? ರೈಲಿನಲ್ಲಿ ಈಗ ಬುಟ್ಟಿ ಹೊತ್ತು ಮಾರುವವರದ್ದು ಅಸಲಿ ವಡೆಯೇ?
– ದಿನಾ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುವವರು, ಮಂಡ್ಯ

ಉತ್ತರ: ಸಂಬಂಧ ನೇರವಾದದ್ದೇ. ಸ್ಟೇಷನ್ ಹೋಟೆಲು ನಡೆಸುತ್ತಿದ್ದ ಮನೆಯವರೇ 1987ರಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಟಿಫಾನೀಸ್ ತೆರೆದರು. ಬುದ್ಧಿವಂತಿಕೆಯ ಕೆಲಸ. ಮೇಲೆ ಹೇಳಿದೆನಲ್ಲ, ನಿಂತ ರೈಲು ಅಂತ. ಆ ನಿಲ್ಲುವುದೇ ಕಮ್ಮಿಯಾಗುತ್ತಾ ಬಂತು. ಉಗಿ ಹೋಗಿ ಡೀಸೆಲ್ ಬಂದಾಗ ನೀರಿನ ಕೆಲಸ ಹೋಯಿತು. 1990ರ ದಶಕದ ಶುರುವಿನಲ್ಲಿ ಬ್ರಾಡ್‌ಗೇಜ್ ಆಯಿತು, ವೇಗ ಹೆಚ್ಚಿತು. ಆಮೇಲೆ ಜೋಡಿ ಹಳಿ ಬಂತು, ಕ್ರಾಸಿಂಗ್ ಅನ್ನುವುದೇ ಇಲ್ಲವಾಯಿತು. ಶ್ರೀರಂಗಪಟ್ಟಣದಲ್ಲಿ ಎರಡನೇ ಹಳಿಗೆ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಇಡೀ ಕಟ್ಟಡವನ್ನೇ 2017ರಲ್ಲಿ ಎತ್ತಿ ಪಕ್ಕಕ್ಕೆ ಸರಿಸಿದರು, ನೆನಪಿರಬೇಕು. ಕೆಲವರು ಅದನ್ನು ನೋಡಲೆಂದೇ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಈಗ ಮದ್ದೂರಿನಲ್ಲಿ ರೈಲು ಒಂದೆರಡು ನಿಮಿಷ ನಿಂತರೆ ಹೆಚ್ಚು. ಇಳಿದು ತಿಂದು ಹತ್ತುವ ಮಾತೇ ಇಲ್ಲ. ಗಿರಾಕಿ ಹೋಟೆಲಿಗೆ ಬರದಿದ್ದರೆ ವಡೆಯೇ ಗಿರಾಕಿಯ ಹತ್ತಿರ ಹೋಗಬೇಕು. ಹಾಗೆ ಬುಟ್ಟಿ ರೈಲು ಹತ್ತಿತು.

ಬುಟ್ಟಿಯ ವಡೆ ಯಾರ ಒಲೆಯದು ಅಂತ ಬುಟ್ಟಿ ನೋಡಿ ಹೇಳಲಾಗುವುದಿಲ್ಲ. ಬೇರೆ ಬೇರೆ ಕಡೆ ಮಾಡಿ ತರುತ್ತಾರೆ. ಅಸಲಿ, ನಕಲಿ ಅನ್ನುವ ಜಗಳವೇ ನನಗೆ ಸರಿ ಕಾಣುವುದಿಲ್ಲ. ಪೇಟೆಂಟ್ ತೆಗೆದುಕೊಂಡು ಮಾಡಿದ ತಿಂಡಿ ಅಲ್ಲವಲ್ಲ ಅದು. ಚೆನ್ನಾಗಿದೆಯೋ ಇಲ್ಲವೋ ಅಷ್ಟು ನೋಡಿ. ಮುರಿದರೆ ಅಂಚು ಕಟುಕ್ ಅನ್ನಬೇಕು, ನಡುವೆ ಸ್ವಲ್ಪ ಮೆತ್ತಗಿರಬೇಕು, ಈರುಳ್ಳಿ ಕಂದಾಗಿ ಸಿಹಿಯಾಗಿರಬೇಕು. ಪೂರಿ ಹಾಗೆ ಉಬ್ಬಿದ್ದರೆ ಅಥವಾ ಬಿಸ್ಕತ್ತಿನ ಹಾಗೆ ಒಣಗಿದ್ದರೆ ಮುಂದಿನ ಬುಟ್ಟಿಗೆ ಕಾಯಿರಿ. ಚಾಮುಂಡಿಯಲ್ಲಿ ಬುಟ್ಟಿಗೇನು ಬರವೇ?

ಪ್ರಶ್ನೆ: ಹತ್ತು ಪಥದ ಹೊಸ ಹೆದ್ದಾರಿ ಬಂದ ಮೇಲೆ ಮದ್ದೂರಿನ ಹೋಟೆಲುಗಳ ಗತಿ ಏನು?
– ಆಟೊ ಚಾಲಕರು, ಮದ್ದೂರು

ಉತ್ತರ: ನಿಮಗೇ ನನಗಿಂತ ಚೆನ್ನಾಗಿ ಗೊತ್ತಲ್ಲಪ್ಪ. 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರನ್ನೂ ಬಳಸಿಕೊಂಡು ಕಾರುಗಳು ಹೋಗುತ್ತಿವೆ. ಆ ವರ್ಷ ಆಗಸ್ಟ್‌ನಿಂದ ನಿಮ್ಮ ಆಟೊ, ನಮ್ಮ ಸ್ಕೂಟರ್ ಅದರ ಮೇಲೆ ಹೋಗುವಂತಿಲ್ಲ. ಊರೊಳಗಿನ ಹಳೇ ರಸ್ತೆಯಲ್ಲಿ ಎಳನೀರು, ತಿಂಡಿ ನಂಬಿದವರಿಗೆ ಪೆಟ್ಟು ಬಿತ್ತು. ರೈಲು ನಿಲ್ಲುವುದು ಕಮ್ಮಿಯಾದಾಗ ಹೋಟೆಲಿನವರಿಗೆ ರಸ್ತೆಗೆ ಬರುವ ದಾರಿ ಇತ್ತು. ರಸ್ತೆಯೇ ಊರು ಬಿಟ್ಟು ಹೋದಾಗ? ಇಳಿದಾರಿಯ ಪಕ್ಕ ಜಾಗ ಸಿಗಬೇಕು, ಅಲ್ಲಿನ ನೆಲದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸರ್ಕಾರ ಮಾಡಬಹುದಾದ ಒಂದು ಕೆಲಸ ಅಂದರೆ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣಗಳಲ್ಲಿ ಈ ಊರುಗಳ ಹಳೇ ಹೋಟೆಲುಗಳಿಗೆ ಮೊದಲ ಪಾಲು ಕೊಡುವುದು. ನನ್ನ ಅಭಿಪ್ರಾಯ ಇಷ್ಟೇ, ಯಾರು ಕೇಳುತ್ತಾರೋ.

ಪ್ರಶ್ನೆ: ಮನೆಯಲ್ಲಿ ಮಾಡಿದರೆ ಮಾರನೇ ದಿನಕ್ಕೇ ಮೆತ್ತಗಾಗುತ್ತದೆ. ನಿಮ್ಮ ಮನೆಯವರನ್ನು ಕೇಳಿ ಹೇಳಿ ಸರ್.
– ಹೊಸದಾಗಿ ಮದುವೆಯಾದವರು, ಪಾಂಡವಪುರ

ಉತ್ತರ: ಕೇಳಿದೆ. ನಮ್ಮ ಮನೆಯವರ ಅಳತೆ: ಒಂದು ಲೋಟ ಅಕ್ಕಿ ಹಿಟ್ಟಿಗೆ ಅರ್ಧ ಲೋಟ ಚಿರೋಟಿ ರವೆ, ಕಾಲು ಲೋಟ ಮೈದಾ. ಈರುಳ್ಳಿಯನ್ನು ಉದ್ದುದ್ದ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹಿಸುಕಿ ಹತ್ತು ನಿಮಿಷ ಬಿಡಿ. ಅದರ ನೀರಿನಲ್ಲೇ ಹಿಟ್ಟು ಅರ್ಧ ಕಲಸಿಹೋಗುತ್ತದೆ. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಚಿಟಿಕೆ ಇಂಗು. ಮೂರು ಚಮಚ ಎಣ್ಣೆ ಅಥವಾ ತುಪ್ಪ ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಸುರಿದು ತಿಕ್ಕಿ. ನೀರು ಚಿಮುಕಿಸಿ ಗಟ್ಟಿಯಾಗಿ ಕಲಸಿ. ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿ, ಮಧ್ಯಮ ಉರಿಯಲ್ಲಿ ಕೆಂಪಗಾಗುವವರೆಗೆ ಕರಿಯಿರಿ.

ಮೆತ್ತಗಾಗುವುದಕ್ಕೆ ಕಾರಣ ಎರಡು. ಒಂದು, ಹಿಟ್ಟಿಗೆ ನೀರು ಜಾಸ್ತಿ. ಇನ್ನೊಂದು, ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುವುದು. ಆರುವ ತನಕ ಬಿಡಿಬಿಡಿಯಾಗಿ ಹರಡಿಡಿ. ನಿಮ್ಮವರಿಗೆ ಆ ಹೊತ್ತಿನಲ್ಲಿ ಅಡುಗೆಮನೆಗೆ ಪ್ರವೇಶವಿಲ್ಲ ಅಂತ ಹೇಳಿ, ಇಲ್ಲದಿದ್ದರೆ ಡಬ್ಬಿಗೆ ಏನೂ ಉಳಿಯುವುದಿಲ್ಲ. ಅಂದಹಾಗೆ ನಿಮ್ಮ ಊರಿನ ಸ್ಟೇಷನ್ನಿಗೆ ಮುಂಚೆ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು, ಗೊತ್ತೇ? ಅದರ ಬಗ್ಗೆ ಯಾರಾದರೂ ಪ್ರಶ್ನೆ ಕಳಿಸಿ, ಬರೆಯಲು ಬೇಕಾದಷ್ಟಿದೆ.

ಪ್ರಶ್ನೆ: ಮದ್ದೂರಿನ ಹೋಟೆಲಿಗಿಂತ ನಮ್ಮ ಮೈಸೂರಿನ ಮೆಟ್ರೋಪೋಲ್ ಹಳೆಯದಲ್ಲವೇ?
– ಹೈಸ್ಕೂಲು ಶಿಕ್ಷಕರು, ಮೈಸೂರು

ಉತ್ತರ: ಅಲ್ಲ ಮೇಷ್ಟ್ರೇ. ಮೆಟ್ರೋಪೋಲ್ 1920ರದ್ದು, ಮಹಾರಾಜರು ಬ್ರಿಟಿಷ್ ಅತಿಥಿಗಳಿಗೆ ಕಟ್ಟಿಸಿದ್ದು. ಮದ್ದೂರಿನ ಬಾಣಲೆ ಮೂರು ವರ್ಷ ಹಿರಿಯದು.

ಪ್ರಶ್ನೆ: ಆ ಕಾಲದ ರೈಲು ಹೇಗಿತ್ತು ಅಂತ ಮಕ್ಕಳಿಗೆ ತೋರಿಸಬೇಕು. ಎಲ್ಲಿಗೆ ಕರೆದುಕೊಂಡು ಹೋಗಲಿ?
– ಇಬ್ಬರು ಮಕ್ಕಳ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ದೂರ ಬೇಡಮ್ಮ, ನಿಮ್ಮ ಊರಲ್ಲೇ ಕೆ.ಆರ್.ಎಸ್. ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ. ಉಗಿ ಎಂಜಿನ್ನುಗಳನ್ನು ಹತ್ತಿರದಿಂದ ನೋಡಬಹುದು. ಮಹಾರಾಣಿಯವರ ಸಲೂನ್ ಬೋಗಿಯನ್ನು ತಪ್ಪದೆ ತೋರಿಸಿ, 1899ರದ್ದು. ಅದರೊಳಗೇ ಅಡುಗೆಮನೆ, ಊಟದ ಜಾಗ ಎಲ್ಲ ಇದೆ. ಅವರಿಗೆ ಮದ್ದೂರಿನಲ್ಲಿ ಕಿಟಕಿ ಎತ್ತುವ ಅಗತ್ಯ ಬೀಳುತ್ತಿರಲಿಲ್ಲ. ಬೆಳಗ್ಗೆಯೇ ಹೋಗಿ, ಬಿಸಿಲು ಏರಿದರೆ ಕಬ್ಬಿಣದ ಬೋಗಿ ಮುಟ್ಟಲಾಗುವುದಿಲ್ಲ. ಆಟದ ರೈಲೂ ಇದೆ, ಮಕ್ಕಳು ಇಳಿಯುವುದಿಲ್ಲ ಅಂತ ಹಟ ಮಾಡಬಹುದು, ಅದಕ್ಕೆ ನಾನು ಹೊಣೆಯಲ್ಲ.